ಕಾಲಿಲ್ಲದ ಬೊಂಬೆ

ಮಾರ್ಚ್ ೧೨, ಗುರುವಾರ.

ವಿಆರ್ ಕನ್ನಡಕ ಕಳಚಿಟ್ಟರೂ ತಲೆ ತಿರುಗುತ್ತಿದೆ, ಸಿಟ್ಟೂ ಇಳಿದಿಲ್ಲ. ದೂರದೂರಿನ ತಂಗಿಯ ಜೊತೆ ಎದುರುಬದುರು ಕೂತಂತೆ ಕೇರಂ ಆಡಬಹುದೆಂದು ಮೊಮ್ಮಗಳು ಹಾಕಿಕೊಟ್ಟಳು. ತಂಗಿಯ ಬದಲು ಬಂದದ್ದು ಸೊಂಟದ ಕೆಳಗೆ ಏನೂ ಇಲ್ಲದ ನಗುಮುಖದ ಬೊಂಬೆ.

“ದೆವ್ವಕ್ಕಾದ್ರೂ ಹಿಂದುಮುಂದಾದ ಕಾಲಿರುತ್ತೆ ಕಣೇ, ನಿಂಗೆ ಅದೂ ಇಲ್ವಲ್ಲ!” ಎಂದು ಕಾಡಿಸಿದೆ.

“ನಿನ್ನ ಬೊಂಬೆಗೆ ಒಂದು ಸುಕ್ಕೂ ಇಲ್ಲ ಅಕ್ಕಾ, ಗಂಡು ಹುಡುಕ್ಬೋದು!”

ಆಮೇಲೆ ಅವಳ ದನಿ ಒಡೆಯಿತು. “ಕೆಂಪು ಕಾಯಿ ಕಾಣ್ತಿಲ್ಲ ಅಕ್ಕಾ. ಕಣ್ಣು ಹೋಗ್ತಿದೆ, ಡಾಕ್ಟ್ರು ಕೈಚೆಲ್ಲಿದ್ರು.” ಅವಳು ಅಳುತ್ತಿದ್ದಳು, ಬೊಂಬೆ ನಗುತ್ತಲೇ ಇತ್ತು. ತಬ್ಬಹೋದೆ; ಸಿಕ್ಕಿದ್ದು ಗಾಳಿ.

“ಮುಂದಿನ ವರ್ಷ ನಿಜವಾದ ಮುಖಾನೇ ಬರುತ್ತಂತೆ ಅಜ್ಜಿ,” ಎಂದಳು ಮೊಮ್ಮಗಳು. ಅದನ್ನು ನೋಡಲು ಅಲ್ಲಿಯವರೆಗೆ ತಂಗಿಗೆ ಕಣ್ಣಿರಬೇಕಲ್ಲ!

ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನನ್ನ ಸುಕ್ಕುಗಳನ್ನೆಲ್ಲ ಕಣ್ತುಂಬ ನೋಡಿಕೊಳ್ಳಲಿ. ನೋಯುತ್ತಿದ್ದರೂ ನನಗಿನ್ನೂ ಕಾಲಿದೆ. ಮಂಡಿಯ ಮುಲಾಮು ಎಲ್ಲಿಟ್ಟೆನೋ…