ಕರೆಂಟಿಗೂ ಪೂಜೆ

ಏಪ್ರಿಲ್ ೧೭, ಗುರುವಾರ

ಕಾರಿನ ಹೀಟರ್ ಫ್ಯಾನ್ ಇವತ್ತೂ ನಿಲ್ಲಲಿಲ್ಲ. ಈ ಬಿಸಿಲಲ್ಲಿ ಮೈಂದರ್ಗಿಯಿಂದ ಸೊಲ್ಲಾಪುರದವರೆಗೆ ಮುಖಕ್ಕೆ ಬಿಸಿಗಾಳಿ. ಕೀಲಿ ತೆಗೆದರೂ ತಿರುಗುತ್ತಲೇ ಇತ್ತು.

"ನೀನೇ ಏನರ ಒತ್ತಿ ಕೆಡಿಸಿದಿ. ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಗ್ತದ," ಎಂದರು ನಮ್ಮ ಮನೆಯವರು, ದಿನಾ ಅನ್ನುವುದನ್ನೇ.

ಸಂಜೆ ನಾನೇ ಬಾನೆಟ್ ಎತ್ತಿದೆ. ಫ್ಯೂಸ್ ಪೆಟ್ಟಿಗೆಯಿಂದ ಫ್ಯಾನಿಗೆ ಕರೆಂಟ್ ಕೊಟ್ಟು ಕಡಿಯುವ ರಿಲೇ ಕಿತ್ತ ಕೂಡಲೇ ಸದ್ದು ನಿಂತಿತು. ಅದರ ಬುಡಕ್ಕೆ ಮನೆದೇವರು ಬೀರಪ್ಪನ ಬಂಡಾರದ ಅರಿಶಿನ ಗಟ್ಟಿಯಾಗಿ ಮೆತ್ತಿತ್ತು. ಖಂಡೇನವಮಿಯ ಆಯುಧಪೂಜೆಯಲ್ಲಿ ಆ ಪೆಟ್ಟಿಗೆಯ ಮುಚ್ಚಳ ತೆಗೆದು, "ಕರೆಂಟಿಗೂ ಪೂಜಿ ಆಗ್ಲಿ," ಅಂತ ಬಂಡಾರ ತೂರಿ ಕಾಯಿನೀರು ಸುರಿದವರು ಇವರೇ.

ತೋರಿಸಿದ್ದಕ್ಕೆ ಅವರು, "ದೇವರ ಬಂಡಾರದ ಮ್ಯಾಲ ತಪ್ಪ ಹೊರಸಬ್ಯಾಡ. ಪಾಪ ಹತ್ತತದ."

ನನ್ನ ಮೇಲೆ ಹೊರಿಸಿದರೆ ಹತ್ತುವುದಿಲ್ಲವೇನೋ.

ರಿಲೇಯನ್ನು ಬೀರಪ್ಪನ ಫೋಟೋದ ಮುಂದೆ ಇಟ್ಟು ಬಂದಿದ್ದೇನೆ. ಬೆಳಿಗ್ಗೆ ಅವರೇ ಕೈಮುಗಿಯಲಿ.