ಲೈನ್ ಮೇಲೆ ಯಾರೋ ಇದ್ದಾರೆ

ಡಿಸೆಂಬರ್ 3, ಬುಧವಾರ

ಚಿಕ್ಕಪ್ಪನ ಬಲಗೈ ಎತ್ತಿ ಅಂಗಿಯ ತೋಳಿಗೆ ತೂರಿಸಿದೆ, ಗುಂಡಿ ಹಾಕಿದೆ, ಪ್ರೆಸ್ಸಿಗೆ ಓಡಿದೆ. ಐದು ನಿಮಿಷ ತಡ. ಓನರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕಾಗದದ ಕಟ್ಟು ಮುಂದಿಟ್ಟರು. ಬೈದಿದ್ದರೆ ವಾಸಿ.

ಮೊದಲ ಕೆಲಸವೇ ಚಳಿಗಾಲದ ಹಬ್ಬದ ಕರಪತ್ರ. ಎರಡು ಸಾವಿರ ಪ್ರತಿ. ‘ನಮ್ಮ ಬಡಾವಣೆಯ ಹಬ್ಬ. ಬಯಲಲ್ಲಿ ಹಾಡು, ಬೊಂಬೆಯಾಟ, ಬಿಸಿ ಸೂಪು, ಬೀದಿ ತುಂಬ ದೀಪ. ಎಲ್ಲರಿಗೂ ಎಲ್ಲವೂ ಉಚಿತ.’ ಕೆಳಗೆ ಸಮಿತಿ ಅಧ್ಯಕ್ಷನ ಫೋಟೋ. ಫರ್ನಿಚರ್ ಶೋರೂಮಿನವನು. ಫೋಟೋದಲ್ಲೂ ಅದೇ ಕೆಂಪು ಮಫ್ಲರ್. ನಮ್ಮ ಮನೆಯಲ್ಲಿ ಅವನಿಗೆ ಅದೇ ಹೆಸರು.

ಉಚಿತ ಅಂದರೆ ಏನು ಅಂತ ನಾನು ಓದಿಕೊಂಡಿದ್ದೇನೆ. ಯಾರೋ ಪುಕ್ಕಟೆ ದುಡಿದಿದ್ದಾರೆ, ಅವರ ಹೆಸರು ಕರಪತ್ರದಲ್ಲಿಲ್ಲ ಅಂತ. ಈ ಬೀದಿಗೆ ಮೊದಲ ವರ್ಷ ದೀಪ ಕಟ್ಟಿದ್ದು ಅಪ್ಪ ಮತ್ತು ಚಿಕ್ಕಪ್ಪ. ಇಬ್ಬರೂ ವೈರ್‌ಮನ್‌ಗಳು. ಆಗ ಸಮಿತಿಯೂ ಇರಲಿಲ್ಲ, ಮಫ್ಲರೂ ಇರಲಿಲ್ಲ.

ಕಂಬದ ಕೆಲಸಕ್ಕೆ ನಿಯಮ ಒಂದೇ. ಹತ್ತುವವನು ಮೊದಲು ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಇಳಿದು ಬಂದು ತನ್ನ ಕೈಯಿಂದಲೇ ವಾಪಸ್ ಹಾಕಬೇಕು. ಪೆಟ್ಟಿಗೆ ಖಾಲಿ ಇದ್ದರೆ ಲೈನ್ ಮೇಲೆ ಯಾರೋ ಇದ್ದಾರೆ ಅಂತ. ಹೋದ ವರ್ಷ ಫ್ಯೂಸ್ ಚಿಕ್ಕಪ್ಪನ ಜೇಬಿನಲ್ಲೇ ಇತ್ತು, ಚಿಕ್ಕಪ್ಪ ಕಂಬದ ಮೇಲಿದ್ದ. ಹಬ್ಬದ ಮುಖ್ಯ ಅತಿಥಿ ಬಂದುಬಿಟ್ಟರು. ಮಫ್ಲರ್ ಒಂದು ತುಂಡು ತಂತಿ ಸುತ್ತಿ ಪೆಟ್ಟಿಗೆಗೆ ಸಿಕ್ಕಿಸಿದ. ಸ್ಟೇಜ್ ಬೆಳಗಿತು. ಚಿಕ್ಕಪ್ಪ ಬಿದ್ದ.

ನೋಡಿದವಳು ನಾನೊಬ್ಬಳೇ. ‘ಮನೆಯವರ ಮಾತು ಸಾಕ್ಷಿಯಾಗುವುದಿಲ್ಲ’ ಅಂದಿತು ಸಮಿತಿ. ವರದಿಯಲ್ಲಿ ಬರೆದರು: ‘ಕೆಲಸಗಾರನ ಅಜಾಗರೂಕತೆ.’ ಮಫ್ಲರ್ ಆಸ್ಪತ್ರೆಗೆ ಹೂಗುಚ್ಛ ಕಳಿಸಿದ.

ಎರಡು ಸಾವಿರ ಸಲ ಅವನ ಮುಖ ಮಡಚಿದೆ. ಮಡಿಕೆ ಸರಿಯಾಗಿ ಮೂಗಿನ ಮೇಲೆ ಬರುವ ಹಾಗೆ.

ಡಿಸೆಂಬರ್ 6, ಶನಿವಾರ

ಈ ಸಲವೂ ಹಬ್ಬದ ಲೈಟಿಂಗ್ ಅಪ್ಪನದೇ. ಒಪ್ಪಿಕೊಂಡು ಬಂದಿದ್ದಾನೆ. ಊಟಕ್ಕೆ ಕೂತಾಗ ತಟ್ಟೆಗೆ ಹೇಳಿದ ಹಾಗೆ ಹೇಳಿದ.

“ತಮ್ಮನ ಕೈ ತಿಂದವನ ಸ್ಟೇಜಿಗೆ ದೀಪ ಕಟ್ತೀಯಾ ಅಪ್ಪಾ?” ಅಂದೆ.

“ನಾನು ಹೋಗಲ್ಲ ಅಂದ್ರೆ ಇನ್ಯಾರನ್ನೋ ಕರೀತಾನೆ. ಬಂದೋನಿಗೆ ನಮ್ಮ ಲೈನೂ ಗೊತ್ತಿರಲ್ಲ, ಅವನ ಬುದ್ಧೀನೂ ಗೊತ್ತಿರಲ್ಲ. ಇನ್ನೊಬ್ಬ ಬೀಳ್ತಾನೆ.”

“ಬೀಳಲಿ. ಆಗಲಾದ್ರೂ ಜನಕ್ಕೆ ಗೊತ್ತಾಗುತ್ತೆ.”

ಅಪ್ಪ ತಲೆ ಎತ್ತಿ ನೋಡಿದ. ಅಮ್ಮ ನೀರಿನ ಲೋಟ ನನ್ನ ಮುಂದೆ ಕುಕ್ಕಿದಳು. ಚಿಕ್ಕಪ್ಪ ಎಡಗೈಯಲ್ಲಿ ಚಮಚ ಹಿಡಿದು ನಕ್ಕ. “ಬಿಡೇ. ಡಿಸೆಂಬರಲ್ಲಿ ಕಂಬ ಹತ್ತದೆ ಇದ್ರೆ ನಿಮ್ಮಪ್ಪಂಗೆ ಮೈ ಕಡಿಯುತ್ತೆ.”

ಇವರಿಬ್ಬರಿಗೂ ಸಿಟ್ಟು ಬರುವುದಿಲ್ಲ. ಇಡೀ ಮನೆಯ ಸಿಟ್ಟು ನಾನೊಬ್ಬಳೇ ಹೊರಬೇಕು. ಹಾಸಿಗೆ ಕೆಳಗೆ ಬಚ್ಚಿಟ್ಟ ಹೋರಾಟದ ಪುಸ್ತಿಕೆಗಳನ್ನು ತೆಗೆದು ಮತ್ತೆ ಓದಿದೆ. ‘ಕ್ಷಮೆ ಬಲವಂತನಿಗೆ ಸಿಗುವ ಎರಡನೇ ಬಹುಮಾನ.’ ಕೆಳಗೆ ಎರಡು ಗೆರೆ ಎಳೆದೆ. ಪೆನ್ಸಿಲ್ ಮುರಿಯಿತು.

ಡಿಸೆಂಬರ್ 9, ಮಂಗಳವಾರ

ನನ್ನದೇ ಕರಪತ್ರ. ಮಧ್ಯಾಹ್ನ ಓನರ್ ಊಟಕ್ಕೆ ಹೋದಾಗ ಟೈಪ್ ಮಾಡಿದೆ. ‘ಈ ಬೆಳಕಿಗೆ ಒಂದು ಕೈ ಸುಟ್ಟಿದೆ.’ ಇಷ್ಟು ಒಳ್ಳೆಯ ತಲೆಬರಹ ನಾನು ಯಾವತ್ತೂ ಬರೆದಿರಲಿಲ್ಲ. ಮುನ್ನೂರು ಪ್ರತಿ ತೆಗೆದು ಹಾಳು ಕಾಗದದ ರಾಶಿಯ ಅಡಿಗಿಟ್ಟೆ. ಹಬ್ಬದ ದಿನ ಸೂಪಿನ ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು.

ಸಂಜೆಯೊಳಗೆ ನಾಲ್ಕು ಸಲ ಆ ರಾಶಿಯ ಹತ್ತಿರ ಹೋಗಿ ಬಂದೆ. ಭಯಕ್ಕಲ್ಲ.

ಡಿಸೆಂಬರ್ 14, ಭಾನುವಾರ

ಐದು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಓನರಿಗೆ ಸಿಕ್ಕಿತು. ಬುಧವಾರವೇ. ಎದುರಿಗೆ ಕೂರಿಸಿಕೊಂಡು ಪೂರ್ತಿ ಓದಿದರು. ಎರಡು ಕಡೆ ಕಾಗುಣಿತ ತಿದ್ದಿದರು. ಆಮೇಲೆ, “ಬರವಣಿಗೆ ಚೆನ್ನಾಗಿದೆಯಮ್ಮ. ಆದ್ರೆ ಅವರು ನಮ್ಮ ಗಿರಾಕಿ” ಅಂದರು. ಮುನ್ನೂರನ್ನೂ ಕತ್ತರಿಸುವ ಮೆಷಿನ್ನಿಗೆ ನನ್ನ ಕೈಯಿಂದಲೇ ಹಾಕಿಸಿದರು. ಹಿಂಬದಿ ಖಾಲಿ ಇತ್ತಲ್ಲ. ಚೀಟಿಗಳಾದವು. ಈಗ ಗಿರಾಕಿಗಳ ಫೋನ್ ನಂಬರ್ ಬರೆದುಕೊಳ್ಳುವುದು ನನ್ನ ಮಾತಿನ ಬೆನ್ನ ಮೇಲೆ.

ಕೆಲಸದಿಂದ ತೆಗೆಯಲಿಲ್ಲ. ಅದೂ ಒಂದು ಉಪಕಾರ ಅಂತ ಅವರು ತಿಳಿದಿರಬಹುದು.

ಕಾಗದಕ್ಕೆ ಇವರು ಬಗ್ಗುವುದಿಲ್ಲ.

ಡಿಸೆಂಬರ್ 16, ಮಂಗಳವಾರ, ಸಂಜೆ 5

ಅಪ್ಪನಿಗೆ ಚಹಾ ಕೊಡುವ ನೆಪದಲ್ಲಿ ಹೋಗಿ ಬಂದೆ. ಶಾಲೆಯ ಮೈದಾನದಿಂದ ಪಾರ್ಕಿನ ಗೇಟಿನವರೆಗೆ ಇಪ್ಪತ್ತೆರಡು ಕಂಬ, ಅಷ್ಟಕ್ಕೂ ದೀಪದ ಸರ. ಮೈಕ್ ಸೇರಿ ಎಲ್ಲಕ್ಕೂ ಒಂದೇ ಪೆಟ್ಟಿಗೆ, ಸ್ಟೇಜಿನ ಹಿಂದಿನ ಮೂಲೆ ಕಂಬದಲ್ಲಿ. ಎದೆಯೆತ್ತರ. ಒಳಗೆ ಮೂರು ಪಿಂಗಾಣಿ ಫ್ಯೂಸು. ಮೂರೂ ನನ್ನ ಕೋಟಿನ ಒಂದು ಜೇಬಿಗೆ ಹಿಡಿಯುತ್ತವೆ.

ಮಫ್ಲರ್ ಮೈಕ್ ಹಿಡಿದು ‘ಬೆಳಕು’ ಅನ್ನುವ ಹೊತ್ತಿಗೆ ಸರಿಯಾಗಿ. ಆಚೆ ವರ್ಷ ಆ ಪದವನ್ನು ಹದಿನೇಳು ಸಲ ಹೇಳಿದ್ದ. ಈ ವರ್ಷ ಒಂದೇ ಸಲ ಹೇಳಲಿ.

ಯಾರಿಗೂ ಏಟಾಗುವುದಿಲ್ಲ. ಕರೆಂಟ್ ಹೋಗುತ್ತದೆ, ಅಷ್ಟೇ. ಅಪ್ಪನ ಚೀಲದಲ್ಲಿ ಬೇರೆ ಫ್ಯೂಸ್ ಇದೆ, ಹತ್ತು ನಿಮಿಷದಲ್ಲಿ ಹಾಕುತ್ತಾನೆ. ಹತ್ತು ನಿಮಿಷ ಸಾಕು. ಅವನು ಬಾಯಿ ತೆರೆದು, ದನಿ ಇಲ್ಲದೆ, ಕತ್ತಲಲ್ಲಿ, ಇಡೀ ಬಡಾವಣೆಯ ಮುಂದೆ ನಿಲ್ಲಬೇಕು.

ಡಿಸೆಂಬರ್ 20, ಶನಿವಾರ, ಮಧ್ಯಾಹ್ನ 3

ಮಂಜು ಇನ್ನೂ ಕರಗಿಲ್ಲ. ಜನ ಆಗಲೇ ಬರುತ್ತಿದ್ದಾರೆ. ಮೂಗು ಸೋರುವ ಮಕ್ಕಳು, ಕುರ್ಚಿ ಹೊತ್ತುಕೊಂಡ ಅಜ್ಜಂದಿರು. ಬೊಂಬೆಯವರು ಪರದೆ ಕಟ್ಟಿದರು. ಹಬ್ಬ ಚೆನ್ನಾಗಿದೆ. ಅದೇ ಹೊಟ್ಟೆ ಉರಿಸುವುದು. ಇಷ್ಟು ಒಳ್ಳೆಯದರ ಮೇಲೆ ಅವನು ಕೂತಿದ್ದಾನೆ.

ಕೋಟು ಹಾಕಿಕೊಂಡೆ. ರಬ್ಬರ್ ಕೈಗವಸು ಒಳಜೇಬಿನಲ್ಲಿ.

ಡಿಸೆಂಬರ್ 21, ಭಾನುವಾರ, ಬೆಳಿಗ್ಗೆ 6

ಒಂದೂ ಬಿಡದೆ ಬರೆಯಬೇಕು.

ನಿನ್ನೆ ಸಂಜೆ ಆರು ಹತ್ತಕ್ಕೆ ಮಫ್ಲರ್ ಮೈಕ್ ಹಿಡಿದ. “ಕತ್ತಲೆಯ ಈ ಋತುವಿನಲ್ಲಿ ಬೆಳಕು...” ಕಿತ್ತೆ. ಒಂದು, ಎರಡು, ಮೂರು. ಬೀದಿ ಇಡೀ ಕಪ್ಪು. ಜನ ಮೊದಲು ನಕ್ಕರು. ಮಕ್ಕಳು ಊಳಿಟ್ಟರು. ನಾನು ಸೂಪಿನ ಮೇಜಿನ ಹತ್ತಿರ ಬಂದು ನಿಂತೆ, ಯಾರದೋ ಮೊಬೈಲ್ ಟಾರ್ಚಿನಲ್ಲಿ ಅವನ ಮುಖ ಕಂಡಿತು. ಮೈಕನ್ನು ಬೆರಳಿನಿಂದ ಕುಟ್ಟುತ್ತಿದ್ದ. ಇಡೀ ವರ್ಷದಲ್ಲಿ ಇಷ್ಟು ಸುಖ ಪಟ್ಟಿರಲಿಲ್ಲ.

ಅಪ್ಪ ಟಾರ್ಚ್ ಹಿಡಿದು ಬಂದ. ಪೆಟ್ಟಿಗೆ ತೆರೆದ. ನೋಡಿದ. ಚೀಲಕ್ಕೆ ಕೈ ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ಟಾರ್ಚನ್ನು ಮೇಲಕ್ಕೆ ತಿರುಗಿಸಿದ.

“ಮೇಲೆ ಯಾರಪ್ಪಾ?”

ಮುಂದಿನ ಕಂಬಕ್ಕೆ ಹೋದ. “ಯಾರಿದ್ದೀರಾ ಮೇಲೆ? ಫ್ಯೂಸ್ ಯಾರ ಹತ್ರ?” ಬ್ಯಾನರ್ ಕಟ್ಟುವವರು, ಸೌಂಡಿನವರು, ಈ ಹಬ್ಬದಲ್ಲಿ ಯಾರು ಬೇಕಾದರೂ ಕಂಬ ಹತ್ತುತ್ತಾರೆ. ಎಲ್ಲ ಲೆಕ್ಕ ಹಾಕಿದ್ದೆ. ಅಪ್ಪನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಫ್ಲರ್ ಸ್ಟೇಜಿನಿಂದ ಇಳಿದು ಬಂದ. ಅವನ ಹಿಂದೆ ಜನ.

“ಏನಯ್ಯಾ, ಹಾಕು ಬೇಗ.”

“ಫ್ಯೂಸ್ ಇಲ್ಲ ಸಾರ್. ಲೈನ್ ಮೇಲೆ ಯಾರೋ ಇದ್ದಾರೆ.”

“ಯಾರೂ ಇಲ್ಲ. ನಾನು ಹೇಳ್ತಿದೀನಲ್ಲ.”

“ನೀವು ಹೇಳಿದ್ರೆ ಆಗಲ್ಲ ಸಾರ್. ಕಿತ್ತೋನು ಬಂದು ಹೇಳ್ಬೇಕು.”

“ಅತಿಥಿಗಳು ಚಳೀಲಿ ಕೂತಿದಾರೆ ಕಣಯ್ಯಾ. ಒಂದು ತಂತಿ ಸುತ್ತಿ ಹಾಕು.”

“ಇಪ್ಪತ್ತೆರಡು ಕಂಬ ನೋಡಿಕೊಂಡು ಬರ್ತೀನಿ. ಅಲ್ಲೀವರೆಗೆ ಇಲ್ಲ.” ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ.

ಆಗ ಮಫ್ಲರ್ ಕೂಗಿದ. ಅವನ ದನಿಗೆ ಮೈಕ್ ಬೇಕಿರಲಿಲ್ಲ. “ಹೋದ ವರ್ಷಾನೂ ನೀವು ಅಣ್ಣ ತಮ್ಮಂದಿರು ಹೀಗೇ ಕಾಯಿಸಿದ್ರಿ. ನಾನೇ ತಂತಿ ಹಾಕಿದ್ದಕ್ಕೆ ಕಾರ್ಯಕ್ರಮ ನಡೀತು. ಸರಿಯಪ್ಪಾ, ನಿಂಗಾಗಲ್ಲ ಅಂದ್ರೆ ಈಗ್ಲೂ ನಾನೇ ಹಾಕ್ತೀನಿ.”

ಚಿಕ್ಕಪ್ಪನ ಕೈಗೆ ಪಟ್ಟಿ ಕಟ್ಟಿದ ನರ್ಸ್ ಅಲ್ಲೇ ಇದ್ದಳು. ನಮ್ಮ ಓನರ್ ಇದ್ದರು. ಮಫ್ಲರಿಗೆ ತಾನು ಏನು ಹೇಳಿದೆ ಅಂತ ನಿಧಾನವಾಗಿ ತಿಳಿಯಿತು. ಕತ್ತಿನ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ.

ಅಪ್ಪ ಮೆಲ್ಲಗೆ, “ಗೊತ್ತು ಸಾರ್. ಅದಕ್ಕೇ ಹಾಕಲ್ಲ” ಅಂದ.

ನರ್ಸ್ ಮೊದಲು ಹೊರಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಮಕ್ಕಳನ್ನು ಎತ್ತಿಕೊಂಡು, ಕುರ್ಚಿ ಮಡಚಿಕೊಂಡು. ಸೂಪು ಹಾಗೇ ಆರಿತು. ನನ್ನ ಮುನ್ನೂರು ಕರಪತ್ರ ಮಾಡದೆ ಇದ್ದದ್ದನ್ನು ಅವನ ಬಾಯೇ ಮಾಡಿತು.

ಅಪ್ಪ ಮಾತ್ರ ಇಪ್ಪತ್ತೆರಡು ಕಂಬಕ್ಕೂ ಹೋದ. ಒಂದೊಂದಕ್ಕೂ ಟಾರ್ಚ್ ಬಿಟ್ಟ, ಸುತ್ತಲಿನ ಪೊದೆ ಸಹ ನೋಡಿದ. ನಾನು ಹಿಂದೆಯೇ ನಡೆದೆ. ಜೇಬಿನಲ್ಲಿ ಫ್ಯೂಸುಗಳು ಒಂದಕ್ಕೊಂದು ತಾಗದಂತೆ ಒತ್ತಿ ಹಿಡಿದು.

ಹೇಳಬಹುದಿತ್ತು. ಹೇಳಿದರೆ ಮಫ್ಲರ್ ಏನನ್ನುತ್ತಾನೆ? ‘ಅಪ್ಪ ಮಗಳು ಸೇರಿ ಬಲೆ ಹೆಣೆದರು, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ, ಅಷ್ಟೇ’ ಅನ್ನುತ್ತಾನೆ. ಹೇಳಲಿಲ್ಲ. ಹೇಳುವುದೂ ಇಲ್ಲ.

ಡಿಸೆಂಬರ್ 27, ಶನಿವಾರ

ಶೋರೂಮಿನ ಶಟರ್ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದಾರೆ: ‘ಐದು ನಿಮಿಷ ಕಾಯೋಕೆ ಆಗಲಿಲ್ವಾ?’ ನಾನಲ್ಲ. ನನಗಿಂತ ಅಕ್ಷರ ಚೆನ್ನಾಗಿದೆ. ಪ್ರೆಸ್ಸಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಿಂತು ಓದುತ್ತೇನೆ.

ಅವನೂ ಸುಮ್ಮನಿಲ್ಲ. ವಾರ್ಡ್ ಕಚೇರಿಗೆ ದೂರು ಕೊಟ್ಟಿದ್ದಾನೆ. ವೈರ್‌ಮನ್ನೇ ಫ್ಯೂಸ್ ಕದ್ದು ನಾಟಕ ಆಡಿ ಹಬ್ಬ ಕೆಡಿಸಿದ, ಲೈಸೆನ್ಸ್ ರದ್ದು ಮಾಡಿ ಅಂತ. ಮಂಗಳವಾರ ವಿಚಾರಣೆ. ಹೋದ ವರ್ಷದ್ದನ್ನೂ ಅಂದೇ ಕೇಳುತ್ತಾರಂತೆ. ಅವತ್ತು ಅವನು ಅಂದದ್ದನ್ನು ನರ್ಸ್ ಬರೆದು ಕೊಟ್ಟಿದ್ದಾಳೆ.

ಅಪ್ಪನಿಗೆ ಅದೊಂದೂ ತಲೆಗೆ ಹೋಗಿಲ್ಲ. ಎರಡು ಆಸ್ಪತ್ರೆಗೆ ಹೋಗಿ ಬಂದ. ಇಪ್ಪತ್ತನೇ ತಾರೀಕು ಕಂಬದಿಂದ ಬಿದ್ದವರನ್ನು ಯಾರಾದರೂ ತಂದಿದ್ರಾ ಅಂತ ಕೇಳಲು.

“ಬಿದ್ದಿದ್ರೆ ಗೊತ್ತಾಗ್ತಿತ್ತು ಕಣೋ ಅಣ್ಣ” ಅಂದ ಚಿಕ್ಕಪ್ಪ. “ನಾನು ಬಿದ್ದಾಗ ಮೂರು ಬೀದಿಗೆ ಕೇಳಿಸಿತ್ತು.”

“ಎಲ್ಲರೂ ನಿನ್ನ ಹಾಗೆ ಕಿರುಚಲ್ಲ” ಅಂದ ಅಪ್ಪ. ನಗಲಿಲ್ಲ.

ನಾನು ಎದ್ದು ಬಂದೆ. ಮಫ್ಲರ್ ಮೇಲಿನ ಸಿಟ್ಟು ಎಷ್ಟು ಊದಿದರೂ ಇವತ್ತು ಉರಿ ಏಳುತ್ತಿಲ್ಲ.

ಡಿಸೆಂಬರ್ 30, ಮಂಗಳವಾರ, ಬೆಳಿಗ್ಗೆ 10

ಎರಡೂವರೆಗೆ ವಿಚಾರಣೆ. ಹೇಳಿಕೆ ಬರೆದು ಒಪ್ಪಿಸಬೇಕು. ಅಪ್ಪನ ಅಕ್ಷರ ಯಾರಿಗೂ ತಿಳಿಯುವುದಿಲ್ಲ. ನನ್ನನ್ನು ಕೂರಿಸಿದ. ಇಸ್ತ್ರಿ ಅಂಗಿ ಹಾಕಿಕೊಂಡು ನಿಂತೇ ಹೇಳಿದ.

‘ಪೆಟ್ಟಿಗೆಯಲ್ಲಿ ಫ್ಯೂಸ್ ಇರಲಿಲ್ಲ. ಆದ್ದರಿಂದ ಕರೆಂಟ್ ಕೊಡಲಿಲ್ಲ.’

“ಲೈನ್ ಮೇಲೆ ಯಾರೋ ಇದ್ದರು ಅಂತ ಸೇರಿಸಲಾ?” ಅಂದೆ.

“ಬೇಡ. ಅದು ನಂಗೆ ಗೊತ್ತಿಲ್ಲ. ಇದ್ರೂ ಇಲ್ಲದಿದ್ರೂ ಕೊಡ್ತಿರಲಿಲ್ಲ, ಹಾಗೆ ಬರಿ.”

ಬರೆದೆ.

“ಈಗ ಕೊನೇದು. ಫ್ಯೂಸ್ ತೆಗೆದವರು...” ಅಂತ ಹೇಳಿ ನಿಲ್ಲಿಸಿದ. ಕಿಟಕಿ ಕಡೆ ನೋಡಿದ. “ಅವತ್ತು ಪೆಟ್ಟಿಗೆ ಮುಚ್ಚಳ ಮುಚ್ಚಿತ್ತು. ಕೊಂಡಿ ಹಾಕಿತ್ತು. ಕಳ್ಳ ಕಿತ್ತುಕೊಂಡು ಓಡ್ತಾನೆ, ಮುಚ್ಚಲ್ಲ. ಮಳೆ ಇರಚಲು ಹೊಡೀಬಾರದು, ಮುಚ್ಚು ಅಂತ ನಾನು ಕಲಿಸಿದ್ದು ಇಬ್ಬರಿಗೆ. ಒಬ್ಬನ ಕೈ ಏಳಲ್ಲ.”

ಮುಚ್ಚಿದ್ದೆ. ಮುಚ್ಚಿದ್ದು ನನಗೇ ಗೊತ್ತಿರಲಿಲ್ಲ.

“ಯಾವಾಗ ಗೊತ್ತಾಯ್ತು?”

“ಇವತ್ತು ಬೆಳಿಗ್ಗೆ ಗಡ್ಡ ಮಾಡ್ಕೊಳ್ಳೋವಾಗ. ಅಲ್ಲೀವರೆಗೂ ಯಾವನೋ ಪೊದೇಲಿ ಬಿದ್ದಿದಾನೆ ಅಂತಲೇ...” ಬೆರಳಿನಿಂದ ಕಾಗದ ನನ್ನ ಕಡೆ ತಳ್ಳಿದ. “ಹತ್ತು ದಿನ ಹುಡುಕಿದೆ ಕಣೇ.”

ಬೈಯಲಿಲ್ಲ. ಹೊರಗೆ ಹೋಗಿ ಶೂ ಹಾಕಿಕೊಳ್ಳುತ್ತಿದ್ದಾನೆ. ಒಂದು ಲೇಸು ಕಟ್ಟಲು ಇಷ್ಟು ಹೊತ್ತು ಯಾರಿಗೂ ಬೇಡ.

ಜಾಗ ಖಾಲಿ ಬಿಟ್ಟರೂ ಅಪ್ಪ ಸಹಿ ಹಾಕುತ್ತಾನೆ. ಏನೂ ಕೇಳುವುದಿಲ್ಲ. ಲೈಸೆನ್ಸ್ ಹೋದರೂ ಕೇಳುವುದಿಲ್ಲ. ಬರೆದರೆ ಮಫ್ಲರ್ ನನ್ನನ್ನೇ ಹಿಡಿದುಕೊಂಡು ಜಾರಿಕೊಳ್ಳಲು ನೋಡುತ್ತಾನೆ. ನೋಡಲಿ. ಅವನು ಹೇಳಿದ್ದನ್ನು ಇಡೀ ಬಡಾವಣೆ ಕೇಳಿದೆ. ನಾನು ಮಾಡಿದ್ದನ್ನು ನಾನು ಬರೆದು ಕೊಟ್ಟೆ, ನೀನು ಮಾಡಿದ್ದನ್ನು ನೀನು ಬರೆದು ಕೊಡು ಅಂತ ಅವನ ಎದುರಿಗೇ ಕೂತು ಕೇಳುತ್ತೇನೆ. ಬಿಡುವುದಿಲ್ಲ. ಅವನು ಪೆನ್ನು ಹಿಡಿಯುವುದನ್ನು ಹತ್ತಿರದಿಂದ ನೋಡಬೇಕು.

ಅಪ್ಪ ಎದ್ದು ನಿಂತ. “ಆಯ್ತೇನೇ?”

ಇರು ಅಪ್ಪಾ, ಒಂದೇ ಸಾಲು. ಫ್ಯೂಸ್ ತೆಗೆದವರು