ಶನಿವಾರ ನೆಟ್ಟ ಹಲಗೆ

ಮೋರ್ಕಂಬ್
ಭಾನುವಾರ, 15 ಜುಲೈ 1956

ಪ್ರೀತಿಯ ತಮ್ಮ ವಿಲ್ಫ್‌ಗೆ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ, ಅದನ್ನು ನೋಡಿ ಮೋಸಹೋಗಬೇಡ. ಆರೋಗ್ಯವೇ? ಎದೆಯುರಿ ಹೇಗಿದೆ? ಬೆರಿಲ್ ಎಲ್ಲವನ್ನೂ ಹಂದಿಕೊಬ್ಬಿನಲ್ಲೇ ಕರಿಯುತ್ತಾಳೆ, ಸ್ವಲ್ಪ ಕಡಿಮೆ ತಿನ್ನು. ಪಾಲಿನ್‌ಳ ಕೆಮ್ಮು ಬಿಟ್ಟಿತೇ? ಆ ಮಗುವನ್ನು ನೆನೆದರೆ ಮಾತ್ರ ನಿನ್ನ ಮೇಲಿನ ಸಿಟ್ಟು ಒಂದು ಗಳಿಗೆ ಇಳಿಯುತ್ತದೆ. ಆಮೇಲೆ ಮತ್ತೆ ಏರುತ್ತದೆ. ನನ್ನ ಮೈಗೇನೂ ಆಗಿಲ್ಲ. ನನಗಿರುವುದು ಹೊಟ್ಟೆಯುರಿ, ಅದಕ್ಕೆ ಮದ್ದಿನಂಗಡಿಯಲ್ಲಿ ಔಷಧಿ ಸಿಗುವುದಿಲ್ಲ. ನಿನ್ನೆ ಬಂದಿಳಿದ ಹೊಸ ಬಾಡಿಗೆಯವರೆಲ್ಲ ಸಮುದ್ರದ ಕಡೆ ಹೋಗಿದ್ದಾರೆ, ಊಟದ ಹೊತ್ತಿನವರೆಗೆ ಬಾಗಿಲು ಹಾಕಿದೆ, ಹಾಗಾಗಿ ಬರೆಯಲು ಬಿಡುವಾಗಿದೆ.

ವಿಷಯಕ್ಕೆ ಬರುತ್ತೇನೆ. ಎಂಟು ದಿನದ ಹಿಂದೆ, ಶನಿವಾರ ಬೆಳಿಗ್ಗೆ ನಾನು ಮಹಡಿಯಲ್ಲಿ ಹಾಸಿಗೆ ಬದಲಿಸುತ್ತಿದ್ದಾಗ ಹೊರಗೆ ಸುತ್ತಿಗೆಯ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಇಬ್ಬರು ಆಳುಗಳು ನಮ್ಮ ಗುಲಾಬಿಗಿಡಗಳ ನಡುವೆ ಒಂದು ಕಂಬ ನೆಟ್ಟು, ಅದಕ್ಕೆ ಹಲಗೆ ಬಡಿಯುತ್ತಿದ್ದರು. ಮಾರಾಟಕ್ಕಿದೆ ಎಂದು ಕೆಂಪು ಅಕ್ಷರ. ನಾನು ದಿಂಬಿನ ಚೀಲ ಹಿಡಿದುಕೊಂಡೇ ಕೆಳಗಿಳಿದು ಇದೇನೆಂದು ಕೇಳಿದೆ. “ನಿಮ್ ತಮ್ಮ ಮನೇನ ಮಾರಾಟಕ್ಕೆ ಪುಟ್ ಅಪ್ ಮಾಡವ್ರಲ್ಲಮ್ಮ, ನಿಮ್ಗೇ ಗೊತ್ತಿಲ್ವಾ?” ಎಂದ ಒಬ್ಬ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು ವಿಲ್ಫ್. ಅಮ್ಮ ಇಬ್ಬರ ಹೆಸರಿಗೂ ಬರೆದಿಟ್ಟ ಮನೆ. ಇದು ಹೋದರೆ ನಿನಗೆ ಕೊವೆಂಟ್ರಿಯಲ್ಲಿ ಮನೆಯಿದೆ, ಕಾರ್ಖಾನೆಯ ಕೆಲಸವಿದೆ. ನನಗೆ ತಲೆಯ ಮೇಲೆ ಸೂರೂ ಇಲ್ಲ, ಕೈಗೆ ಕೆಲಸವೂ ಇಲ್ಲ. ಇದು ನಿನಗೆ ಹೊಳೆಯಲಿಲ್ಲವೇ, ಅಥವಾ ಹೊಳೆದೂ ಸುಮ್ಮನಿದ್ದೆಯಾ?

ಆ ಆಳಿನ ಬಾಯಿಂದ ಆ ಮಾತು ಕೇಳಿ ನಗುವೂ ಬಂತು, ಒಳ್ಳೆಯ ನಗುವಲ್ಲ. ನಮ್ಮ ಮನೆ ನಡೆದದ್ದೇ ಆ ಎರಡು ತುಂಡು ಮಾತಿನ ಮೇಲಲ್ಲವೇ? ಬಂದವರನ್ನು ಇಳಿಸಿಕೊಂಡರೆ ಪುಟ್ ಅಪ್. ಅವರಿಗೆ ಮಡಚುಮಂಚ ಬಿಚ್ಚಿ ಹಾಕಿದರೂ ಅದೇ, ಬುತ್ತಿ ಕಟ್ಟಿಕೊಟ್ಟರೂ ಅದೇ. ಮಳೆ ಬಂದರೆ ಕೊಡೆ ಬಿಚ್ಚು ಎನ್ನುವುದಕ್ಕೂ, ಪರದೆ ತೂಗುಹಾಕು ಎನ್ನುವುದಕ್ಕೂ, ಆಗಸ್ಟಿನಲ್ಲಿ ಬಾಡಿಗೆ ಏರಿಸು ಎನ್ನುವುದಕ್ಕೂ ಅಮ್ಮನ ಬಾಯಲ್ಲಿ ಅದೊಂದೇ. ನಾನು ಮೊದಲ ಸಲ ಕೂದಲು ಎತ್ತಿ ಕಟ್ಟಿದ ದಿನ, ಅದಕ್ಕೂ ಅದೇ ಮಾತು ನೋಡು, “ದೊಡ್ಡವಳಾದೆ, ಬಡಿಸೋಕೆ ಬಾ” ಎಂದಳು. ಅಂದು ಹಿಡಿದ ತಟ್ಟೆಯನ್ನು ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಅದರ ಕೊನೆಗೆ ವಿತ್ ಎಂಬ ಇನ್ನೊಂದು ಚೂರು ಸೇರಿಸಿದರೆ ಸಹಿಸಿಕೋ ಎಂದಾಗುತ್ತದೆ. ಅದು ಯಾವಾಗಲೂ ನನ್ನ ಪಾಲಿಗೇ ಬಂತು. ಅಮ್ಮನ ಮಣ್ಣಿನ ದಿನ ನೀನೂ ಅದನ್ನೇ ಹೇಳಿ ರೈಲು ಹತ್ತಿದೆ: “ಈ ಸೀಸನ್ ಒಂದು ಸಹಿಸ್ಕೋ ಅಕ್ಕ, ಆಮೇಲೆ ನೋಡೋಣ.” ನೋಡಿದ್ದು ಇದನ್ನೇ? ಬೆರಿಲ್ ನಿನ್ನನ್ನು ಎತ್ತಿಕಟ್ಟಿದಳು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅದಕ್ಕೂ ನಮ್ಮಲ್ಲಿ ಅದೇ ಮಾತು. ನಾನು ನಂಬಲಿಲ್ಲ. ಹೆಂಡತಿಯ ಹೆಗಲ ಮೇಲೆ ಹಾಕಿ ನಿನ್ನನ್ನು ಬಿಟ್ಟುಬಿಡುವ ಮನಸ್ಸು ನನಗಿಲ್ಲ.

ನಿನಗೆ ಈ ಮನೆಯ ಮೇಲೆ ಮುನಿಸಿದೆ, ಗೊತ್ತು. ಬೇಸಿಗೆಯಿಡೀ ನಿನ್ನ ಹಾಸಿಗೆಯನ್ನು ಬಂದವರಿಗೆ ಕೊಟ್ಟು ನಿನ್ನನ್ನು ಅಮ್ಮ ಸ್ನಾನದ ತೊಟ್ಟಿಯಲ್ಲಿ ಮಲಗಿಸುತ್ತಿದ್ದಳು. ಬಿಲ್ಲಿನಲ್ಲಿ ಅವಳು ಉಪ್ಪು-ಮೆಣಸಿನ ಬಳಕೆಗೆ ಅಂತ ಬೇರೆ ಕಾಸು ಬರೆದಾಗ ನೀನು ನಾಚಿ ಅಡುಗೆಮನೆಗೆ ಓಡುತ್ತಿದ್ದೆ. “ಮನೆಯೋರಿಗೆ ಉಪ್ಪಿನ ಲೆಕ್ಕ ಇಲ್ಲ ಕಣೋ, ಹೊರಗಿನೋರಿಗೆ ಇದೆ” ಎನ್ನುತ್ತಿದ್ದಳು. ಎಲ್ಲ ನಿಜ. ಆದರೂ ಉಂಡ ಮನೆಗೆ ಎರಡು ಬಗೆದೆ ನೀನು. ಅದರಲ್ಲೂ ಶನಿವಾರ! ಈ ಮನೆಯಲ್ಲಿ ಹುಟ್ಟಿದವನಿಗೆ ಶನಿವಾರವೆಂದರೆ ಏನೆಂದು ತಿಳಿಯದೇ? ಬರ್ನ್‌ಲಿಯ ಗಿರಣಿಗಳೆಲ್ಲ ವರ್ಷದ ರಜೆಗೆಂದು ಒಟ್ಟಿಗೆ ಬಾಗಿಲು ಹಾಕಿ, ಊರಿಗೆ ಊರೇ ರೈಲಿಳಿದು ಪೆಟ್ಟಿಗೆ ಹೊತ್ತು ಬರುವ ದಿನ ಅದು. ಇಪ್ಪತ್ತು ವರ್ಷದಿಂದ ಬರುವವರು ಗೇಟಿನ ಮುಂದೆ ನಿಂತು ಆ ಹಲಗೆ ಓದಿದರು, ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವತ್ತು ಸಂಜೆ ಊಟದ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಾವಿನ ಮನೆಯಲ್ಲಾದರೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

ಮಂಗಳವಾರ, ಪ್ರತಿ ವರ್ಷ ಬರ್ನ್‌ಲಿಯಿಂದ ಬರುವ ಎಂಟ್ವಿಸಲ್ ಅವರ ಹೆಂಡತಿಗೆ ಬೆನ್ನು ಹಿಡಿದುಕೊಂಡಿತು. ಮಗ್ಗದ ಮುಂದೆ ನಿಂತೂ ನಿಂತೂ ಹಾಳಾದ ಬೆನ್ನು ಅದು. ಹಾಸಿಗೆಯಡಿಗೆ ಗಟ್ಟಿ ಹಲಗೆ ಬೇಕು ಎಂದಳು. ನಾನು ಕಲ್ಲಿದ್ದಲ ಕೋಣೆಯೆಲ್ಲ ಹುಡುಕಿದೆ, ಇದ್ದ ಮರವೆಲ್ಲ ಕೊಳೆತು ಲಡ್ಡಾಗಿತ್ತು. ಹೆರಾಲ್ಡ್ ಎಂಟ್ವಿಸಲ್ ಟೋಪಿ ಹಾಕಿಕೊಂಡು ಹೊರಗೆ ಹೋದವರು, ಮಾರಾಟದ ಹಲಗೆಯನ್ನು ಕಂಬದಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. “ಒಳ್ಳೇ ಮರ ಕಣಮ್ಮ ಎಡ್ನಾ, ಮಳೇಲಿ ಹಾಳಾಗ್ತಿತ್ತು” ಎಂದು ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದರು. ಮರುದಿನ ಆಕೆ ತಿಂಡಿಗೆ ನೆಟ್ಟಗೆ ನಡೆದುಕೊಂಡು ಬಂದಳು. “ಎಷ್ಟೋ ವರ್ಷದ ಮೇಲೆ ಇಂಥ ನಿದ್ದೆ ಬಂತು ಕಣೆ. ನಿನ್ ತಮ್ಮಂಗೆ ಒಂದು ಥ್ಯಾಂಕ್ಸ್ ಹೇಳು” ಎಂದಳು. ಇಗೋ, ಹೇಳಿದ್ದೇನೆ.

ಆದರೆ ನಾನು ಹೆದರಿದ್ದು ನಿನ್ನೆಗೆ, ಅವರು ಹೊರಡುವ ದಿನಕ್ಕೆ. ನಮ್ಮಲ್ಲಿ ಹೊರಡುವಾಗ ಹೊಸ್ತಿಲ ಮೇಲೆ ನಿಂತು ಮುಂದಿನ ವರ್ಷದ ಕೋಣೆ ಕೇಳುವುದು, ನಾವು ಕೈಕುಲುಕಿ ಆಗಲಿ ಎನ್ನುವುದು, ಅಷ್ಟೇ ತಾನೇ? ಕಾಗದವಿಲ್ಲ, ಮುಂಗಡವಿಲ್ಲ. ಆಡಿದ ಮಾತಿಗೆ ತಪ್ಪಿದ ಮನೆಯ ಹೆಸರು ಗಿರಣಿಯಿಂದ ಗಿರಣಿಗೆ ಹರಡುತ್ತದೆ. ನಾನು ಏಪ್ರನ್ ಬಿಚ್ಚಿ ಬಾಗಿಲಲ್ಲಿ ನಿಂತೆ. ಈ ಸಲ ಯಾರೂ ಕೇಳುವುದಿಲ್ಲ, ಸುಮ್ಮನೆ ಹೋಗಿಬರುತ್ತೇವೆ ಎನ್ನುತ್ತಾರೆ ಎಂದೇ ಅಂದುಕೊಂಡಿದ್ದೆ. ಹೆರಾಲ್ಡ್ ಮೊದಲು ಬಂದರು. ಪೆಟ್ಟಿಗೆ ಕೆಳಗಿಟ್ಟರು. ಖಾಲಿ ಕಂಬದ ಕಡೆ ಒಮ್ಮೆ ನೋಡಿ, “ಮುಂದಿನ ವರ್ಷ ಇದೇ ವಾರ, ಇದೇ ರೂಮು. ಹಲಗೆ ಹಾಸಿಗೆ ಕೆಳಗೇ ಇರ್ಲಿ, ತೆಗೀಬೇಡ” ಎಂದು ಕೈ ಚಾಚಿದರು. ನಾನು ಅವರ ಕೈ ಹಿಡಿದು ಆಗಲಿ ಎಂದೆ. ಅವರ ಹಿಂದಿದ್ದವರೆಲ್ಲರೂ ಕೇಳಿದರು. ಎಲ್ಲರಿಗೂ ಆಗಲಿ ಎಂದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ, ನಿನ್ನನ್ನು ಬೈಯುತ್ತಲೇ ಅತ್ತೆ.

ಪಾಲಿನ್‌ಗೆ ಮುತ್ತು, ಬೆರಿಲ್‌ಗೆ ನನ್ನ ನೆನಪು ತಿಳಿಸು. ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ನಿನ್ನ ಅಕ್ಕ,
ಎಡ್ನಾ

ಮರೆತಿದ್ದೆ: ಮಾರಾಟಕ್ಕೆ ನನ್ನ ಸಹಿಯೂ ಬೇಕಂತೆ, ವಕೀಲರನ್ನು ಕೇಳಿದೆ. ಹಾಕುವುದಿಲ್ಲ. ನೀನು ಕ್ರಿಸ್‌ಮಸ್ಸಿಗೆ ಬರುವುದಾದರೆ ಬಾ, ತೊಟ್ಟಿಯಲ್ಲಲ್ಲ, ಒಳ್ಳೆಯ ಕೋಣೆಯಲ್ಲೇ ಇಳಿಸುತ್ತೇನೆ. ಬಿಲ್ಲು ಕೊಡುತ್ತೇನೆ, ಉಪ್ಪು-ಮೆಣಸಿನ ಕಾಸು ಸೇರಿಸಿ.